ಕೊಡಗಿನ ರಾಜಕುಮಾರಿ ವಿಕ್ಟೋರಿಯಾ ಗೌರಮ್ಮ: ಮತವೂ ಮದುವೆಯೂ



ತೇನಿ, ಬೋಡಿ, ಕಂಬಂ, ದಿಂಡಿಗಲ್ ಕಡೆಯ ನಮ್ಮ ಮನೆಗಳವರು ಕೂಡಿದಾಗಲೆಲ್ಲ ಮಾತು ಕಡೆಗೆ ಬಂದು ನಿಲ್ಲುವುದು ಮಕ್ಕಳ ಮದುವೆಯ ವಿಷಯಕ್ಕೇ. ಕಳೆದ ತಿಂಗಳ ಕೂಟ ಮುಗಿದು ಕುರ್ಚಿ ಎತ್ತಿಡುವಾಗ ನಮ್ಮ ಸದಸ್ಯ ದಂಪತಿಗಳೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಮಗಳು ಕೊಯಮತ್ತೂರಿನಲ್ಲಿ ಕೆಲಸದಲ್ಲಿದ್ದಾಳೆ. ಜೊತೆಗೆ ಕೆಲಸ ಮಾಡುವ ಕ್ರೈಸ್ತ ಹುಡುಗನನ್ನು ಮದುವೆಯಾಗಬೇಕೆಂದಿದ್ದಾಳೆ. ಮದುವೆಗೆ ಮೊದಲು ಹುಡುಗಿ ದೀಕ್ಷಾಸ್ನಾನ ಪಡೆಯಲಿ ಎಂದು ಹುಡುಗನ ಮನೆಯವರ ಅಪೇಕ್ಷೆ. ಹುಡುಗನೇ ನಮ್ಮ ಕಡೆಗೆ ಬರಲಿ ಎಂದು ಇವರ ಮನೆಯ ಅಜ್ಜಿಯ ಹಟ. ನಾನು ಬಹಳ ವರ್ಷ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಕಾನೂನು ಕಾಗದದ ವಿಷಯ ಗೊತ್ತಿರುತ್ತದೆ ಎಂದು ನನ್ನನ್ನು ಕೇಳಿದರು.

ಕಾಗದದ ವಿಷಯ ನನಗೆ ತಿಳಿದಷ್ಟು ಅಲ್ಲೇ ಹೇಳಿದೆ. ಅದನ್ನು ಈ ಲೇಖನದ ಕೊನೆಯಲ್ಲಿಯೂ ಬರೆದಿದ್ದೇನೆ. ಆದರೆ ಬಸ್ಸು ಹತ್ತಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಉಳಿದದ್ದು ಕಾನೂನಲ್ಲ. ಸುಮಾರು 170 ವರ್ಷಗಳ ಹಿಂದೆ ಹನ್ನೊಂದನೆಯ ವಯಸ್ಸಿಗೆ ಮತ ಬದಲಾಗಿ, ಆಮೇಲೆ ಯಾರಿಗೆ ಮದುವೆ ಮಾಡುವುದೆಂದು ದೊಡ್ಡವರೆಲ್ಲ ಯೋಚಿಸುತ್ತ ಕುಳಿತ ನಮ್ಮ ಕೊಡಗಿನ ಒಬ್ಬ ಹೆಣ್ಣುಮಗಳ ನೆನಪು. ಈ ತಿಂಗಳ ಜೀವನ ಪರಿಚಯ ಆಕೆಯದು. ಹೆಸರು ವಿಕ್ಟೋರಿಯಾ ಗೌರಮ್ಮ. ಕಥೆಗಾರ್ತಿ ಕೊಡಗಿನ ಗೌರಮ್ಮನವರೇ ಬೇರೆ, ಇವರೇ ಬೇರೆ. ಹೆಸರು ಒಂದೇ ಇರುವುದರಿಂದ ಗೊಂದಲವಾಗದಿರಲಿ ಎಂದು ಮೊದಲೇ ಹೇಳಿದ್ದೇನೆ.

ರಾಜ್ಯ ಹೋದ ಮನೆ

ಕೊಡಗನ್ನು ಆಳಿದ್ದು ಹಾಲೇರಿ ಅರಸರು. ಅವರು ವೀರಶೈವರು. ಆಡಳಿತದ ಭಾಷೆ ಕನ್ನಡ. ದೊಡ್ಡ ವೀರರಾಜೇಂದ್ರನ ಕಾಲದ ರಾಜೇಂದ್ರನಾಮೆ ಎಂಬ ವಂಶಚರಿತ್ರೆ ಕನ್ನಡದಲ್ಲೇ ಇದೆ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು 1820ರಲ್ಲಿ ಕಟ್ಟಿಸಿದವನು ಲಿಂಗರಾಜೇಂದ್ರ. ಅವನ ಮಗ ಚಿಕ್ಕವೀರರಾಜೇಂದ್ರನೇ ಆ ವಂಶದ ಕೊನೆಯ ಅರಸ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಕಾದಂಬರಿ ಓದಿದವರಿಗೆ ಈತ ಪರಿಚಿತ. ಕಾದಂಬರಿ ಬಂದದ್ದು 1956ರಲ್ಲಿ, ಮಾಸ್ತಿಯವರಿಗೆ ಜ್ಞಾನಪೀಠ ಬಂದದ್ದು 1983ರ ಸಾಲಿಗೆ.

ಅರಸನ ತಂಗಿಯೂ ಅವಳ ಗಂಡ ಚೆನ್ನಬಸವನೂ ಅರಸನಿಗೆ ಹೆದರಿ ಇಂಗ್ಲಿಷರ ಆಶ್ರಯಕ್ಕೆ ಓಡಿಹೋದರು. ಅರಸ ಕ್ರೂರಿ ಎಂಬ ಕಾರಣವನ್ನು ಮುಂದೆ ಮಾಡಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ 1834ರಲ್ಲಿ ಕೊಡಗಿಗೆ ನುಗ್ಗಿತು. ಏಪ್ರಿಲಿನಲ್ಲಿ ಮಡಿಕೇರಿ ಕೈಬಿಟ್ಟಿತು. ಮೇ ತಿಂಗಳಲ್ಲಿ ಕೊಡಗು ಕಂಪನಿಯ ರಾಜ್ಯಕ್ಕೆ ಸೇರಿತು. ಅರಸನನ್ನು ಪರಿವಾರದೊಂದಿಗೆ ಮೊದಲು ಬೆಂಗಳೂರಿಗೆ, ಅಲ್ಲಿಂದ ನಮ್ಮ ತಮಿಳುನಾಡಿನ ವೇಲೂರಿಗೆ, ಕಡೆಗೆ ಕಾಶಿಗೆ ಕಳಿಸಿದರು. ಅಲ್ಲಿ ಪಿಂಚಣಿ ಪಡೆಯುವ ಮಾಜಿ ಅರಸನಾಗಿ ಅವನ ದಿನಗಳು ಕಳೆದವು.

ಗೌರಮ್ಮ ಹುಟ್ಟಿದ್ದು 1841ರಲ್ಲಿ, ಆ ಕಾಶಿಯಲ್ಲಿ. ಅಂದರೆ ಆಕೆ ಕೊಡಗಿನ ರಾಜಕುಮಾರಿಯಾದರೂ ಕೊಡಗು ಕಂಪನಿಯ ಕೈಸೇರಿ ಏಳು ವರ್ಷ ಕಳೆದ ಮೇಲೆ ಹುಟ್ಟಿದವಳು. ಊರು ಬಿಟ್ಟು ಬಂದ ಮನೆಯಲ್ಲಿ ಹುಟ್ಟುವ ಮಗು ಹೇಗಿರುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಊರಿನ ಹೆಸರು ಬಾಯಲ್ಲಿ ಇರುತ್ತದೆ, ಊರಿನ ದಾರಿ ಕಾಲಿಗೆ ಗೊತ್ತಿರುವುದಿಲ್ಲ.

ಅರಸನಿಗೆ ಹೆಣ್ಣುಮಕ್ಕಳು ಬೇರೆಯೂ ಇದ್ದರು. ಅವರಲ್ಲಿ ಒಬ್ಬಳನ್ನು ನೇಪಾಳದ ಪ್ರಧಾನಿ ಜಂಗ್ ಬಹಾದ್ದೂರನಿಗೆ ಮದುವೆ ಮಾಡಿಕೊಟ್ಟ. ಅದು ಕಾಶಿಯಲ್ಲೇ ನಡೆದ ಸಂಬಂಧ. ಒಬ್ಬ ಮಗಳನ್ನು ಉತ್ತರದ ಹಿಂದೂ ರಾಜ್ಯಕ್ಕೆ ಕೊಟ್ಟ ಅಪ್ಪ ಇನ್ನೊಬ್ಬಳನ್ನು ಸಮುದ್ರ ದಾಟಿಸಿದ.

ಹನ್ನೊಂದನೆಯ ವಯಸ್ಸಿನ ದೀಕ್ಷೆ

1852ರಲ್ಲಿ ಚಿಕ್ಕವೀರರಾಜೇಂದ್ರ ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಹಾಗೆ ಹೋದ ಮೊದಲ ಭಾರತೀಯ ಅರಸರಲ್ಲಿ ಅವನೊಬ್ಬ. ಮಗಳಿಗೆ ಕ್ರೈಸ್ತ ರೀತಿಯಲ್ಲಿ ವಿದ್ಯಾಭ್ಯಾಸ ಕೊಡಿಸಬೇಕು ಎಂಬುದು ಹೊರಗೆ ಹೇಳಿದ ಕಾರಣ. ಇನ್ನೊಂದು ಕಾರಣವೂ ಇತ್ತು. ಮನೆತನದ ಹಿರಿಯರು ಕಂಪನಿಯಲ್ಲಿ ಬಡ್ಡಿಗೆ ಇಟ್ಟಿದ್ದ ದೊಡ್ಡ ಮೊತ್ತವನ್ನು ಕಂಪನಿ ತಡೆಹಿಡಿದಿತ್ತು. ಅದನ್ನು ವಾಪಸು ಪಡೆಯಲು ಅವನು ಲಂಡನ್ನಿನ ಕೋರ್ಟಿನಲ್ಲಿ ಕಂಪನಿಯ ಮೇಲೆ ದಾವೆ ಹೂಡಿದ. ಮಗಳ ಮೇಲೆ ರಾಣಿಯ ದಯೆ ಬಿದ್ದರೆ ದಾವೆಗೂ ಒಳ್ಳೆಯದಾದೀತು ಎಂಬ ಲೆಕ್ಕ ಅವನದಿರಬಹುದು ಎಂದು ಬರೆದವರಿದ್ದಾರೆ. ಅಪ್ಪನ ಮನಸ್ಸಿನಲ್ಲಿ ಮಗಳ ಹಿತ ಎಷ್ಟು, ಹಣದ ಆಸೆ ಎಷ್ಟು ಎಂದು ತೂಗಿ ನೋಡಲು ಈಗ ತಕ್ಕಡಿ ಇಲ್ಲ. ಒಂದು ಮಾತ್ರ ನಿಜ. ಮಗಳ ಮತವನ್ನು ಬದಲಿಸಲು ಒಪ್ಪಿದ ಅಪ್ಪ ತನ್ನ ಮತವನ್ನು ಬದಲಿಸಿಕೊಳ್ಳಲಿಲ್ಲ.

ಅದೇ ವರ್ಷ ಲಂಡನ್ನಿನ ಅರಮನೆಯ ಪ್ರಾರ್ಥನಾ ಮಂದಿರದಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ಗೌರಮ್ಮನಿಗೆ ದೀಕ್ಷಾಸ್ನಾನ ಮಾಡಿಸಿದರು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತಳು, ತನ್ನ ಹೆಸರನ್ನೇ ಕೊಟ್ಟಳು. ಅಂದಿನಿಂದ ಆಕೆ ವಿಕ್ಟೋರಿಯಾ ಗೌರಮ್ಮ. ಹುಡುಗಿಗೆ ಆಗ ಹನ್ನೊಂದು ವರ್ಷ. ನಮ್ಮ ಮನೆಗಳಲ್ಲಿ ಆರನೆಯ ತರಗತಿಗೆ ಹೋಗುವ ವಯಸ್ಸು.

ರಾಣಿಗೆ ಆ ಮಗುವಿನ ಮೇಲೆ ಪ್ರೀತಿ ಇರಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಆ ಕಾಲದ ಹೆಸರಾಂತ ಚಿತ್ರಕಾರ ವಿಂಟರ್‌ಹಾಲ್ಟರನಿಂದ ಆಕೆಯ ಚಿತ್ರ ಬರೆಸಿದಳು. ಶಿಲ್ಪಿ ಮರೊಕೆಟ್ಟಿಯಿಂದ ಬಣ್ಣ ಹಚ್ಚಿದ ಅಮೃತಶಿಲೆಯ ಎದೆಮಟ್ಟದ ಮೂರ್ತಿ ಮಾಡಿಸಿದಳು. ಚಿತ್ರದಲ್ಲಿ ಗೌರಮ್ಮ ನಮ್ಮ ದೇಶದ ಉಡುಗೆ ಒಡವೆ ತೊಟ್ಟೇ ನಿಂತಿದ್ದಾಳೆ. ಮತ ಬೇಕು ಅವರದು, ಉಡುಗೆ ಇರಲಿ ನಮ್ಮದು ಎಂಬಂತೆ ಕಾಣುತ್ತದೆ.

ಆದರೆ ಮಗುವನ್ನು ಅಪ್ಪನ ಬಳಿ ಬಿಡಲಿಲ್ಲ. ಮೊದಲು ಡ್ರಮ್ಮಂಡ್ ಎಂಬ ಮೇಜರ್ ದಂಪತಿಗಳ ಮನೆಯಲ್ಲಿ ಇಟ್ಟರು. ಕೆಲವು ವರ್ಷಗಳ ಮೇಲೆ ಸರ್ ಜಾನ್ ಲಾಗಿನ್ ಮತ್ತು ಆತನ ಹೆಂಡತಿ ಲೀನಾ ಅವರ ವಶಕ್ಕೆ ಕೊಟ್ಟರು. ಅಪ್ಪನ ಸಹವಾಸದಿಂದ ಹೊಸ ಮತ ಸಡಿಲವಾದೀತು ಎಂಬ ಭಯದಿಂದ ಅವನ ಭೇಟಿಗೂ ಕಟ್ಟುಪಾಡು ಹಾಕಿದರು. ಒಂದೇ ದೇಶದಲ್ಲಿ ಇದ್ದೂ ಅಪ್ಪ ಮಗಳು ಮನಬಂದಾಗ ಕೂಡುವಂತಿರಲಿಲ್ಲ. ಅಪ್ಪ ಎದುರಿಗಿಲ್ಲದ ದಿನಗಳಲ್ಲಿ ಆ ಮಗು ಯಾರ ಜೊತೆ ಕನ್ನಡ ಆಡಿರಬಹುದು ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಎರಡು ರಾಜ್ಯ ಹೋದವರನ್ನು ಕೂಡಿಸುವ ಯೋಚನೆ

ಮತವಾಯಿತು, ಇನ್ನು ಮದುವೆ. ರಾಣಿಯ ಮನಸ್ಸಿನಲ್ಲಿ ಒಬ್ಬ ವರ ಇದ್ದ. ಪಂಜಾಬಿನ ಮಹಾರಾಜ ರಣಜಿತ್ ಸಿಂಹನ ಮಗ ದುಲೀಪ್ ಸಿಂಹ. ಅವನು ಹುಟ್ಟಿದ್ದು 1838ರಲ್ಲಿ. 1849ರಲ್ಲಿ ಕಂಪನಿ ಪಂಜಾಬನ್ನು ವಶಪಡಿಸಿಕೊಂಡಾಗ ಅವನು ಇನ್ನೂ ಹುಡುಗ. ತಾಯಿಯಿಂದ ಬೇರೆ ಮಾಡಿ ಫತೇಗಢದಲ್ಲಿ ಬೆಳೆಸಿದರು. ಅಲ್ಲಿ ಅವನ ಪಾಲಕನಾಗಿದ್ದವನು ಇದೇ ಲಾಗಿನ್. 1853ರ ಮಾರ್ಚಿನಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ದುಲೀಪ ಕ್ರೈಸ್ತನಾದ. ಮರುವರ್ಷ ಇಂಗ್ಲೆಂಡಿಗೆ ಬಂದ.

ರಾಣಿಯ ಲೆಕ್ಕ ಸರಳವಾಗಿತ್ತು. ಇಬ್ಬರೂ ಭಾರತದವರು, ಇಬ್ಬರೂ ರಾಜಮನೆತನದವರು, ಇಬ್ಬರೂ ರಾಜ್ಯ ಕಳೆದುಕೊಂಡವರು, ಈಗ ಇಬ್ಬರೂ ಒಂದೇ ಮತದವರು. ಜಾತಕ ಇದಕ್ಕಿಂತ ಚೆನ್ನಾಗಿ ಕೂಡಲು ಸಾಧ್ಯವಿಲ್ಲ ಎನ್ನುವ ಹಾಗಿತ್ತು. ಒಬ್ಬಳು ವೀರಶೈವರ ಮನೆಯವಳು, ಒಬ್ಬ ಸಿಖ್ಖರ ಮನೆಯವನು. ಹುಟ್ಟಿದ ಮತದಲ್ಲೇ ಇದ್ದಿದ್ದರೆ ಈ ಸಂಬಂಧದ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. ಇಬ್ಬರನ್ನೂ ಮೂರನೆಯ ಮತಕ್ಕೆ ತಂದ ಮೇಲೆ ಎಲ್ಲ ಸರಿಹೋಯಿತು ಎಂದುಕೊಂಡರು.

ಸರಿಹೋಗಲಿಲ್ಲ. ದುಲೀಪ ಗೌರಮ್ಮನೊಂದಿಗೆ ಸ್ನೇಹದಿಂದಲೇ ಇದ್ದ. ಆದರೆ ಹೆಂಡತಿಯಾಗಿ ಬೇಡ ಎಂದು ಲಾಗಿನ್ ದಂಪತಿಗಳಿಗೆ ತಿಳಿಸಿದ. ಮತ ಒಂದಾದರೆ ಮನಸ್ಸು ಒಂದಾಗಿಬಿಡುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು.

1859ರಲ್ಲಿ ಚಿಕ್ಕವೀರರಾಜೇಂದ್ರ ಲಂಡನ್ನಿನಲ್ಲೇ ತೀರಿಕೊಂಡ. ಅವನು ಹೂಡಿದ ದಾವೆಯೂ ಅವನ ಮನೆತನದ ಕಡೆಗೆ ಆಗಲಿಲ್ಲ. ಹದಿನೆಂಟರ ಗೌರಮ್ಮನಿಗೆ ಆ ದೇಶದಲ್ಲಿ ಹುಟ್ಟಿದ ಮನೆಯವರು ಎಂದು ಹೇಳಿಕೊಳ್ಳಲು ಇದ್ದ ಅಪ್ಪನೂ ಹೋದ.

ಮದುವೆ, ಮಗಳು, ಮರಣ

ಮುಂದಿನ ವರ್ಷ, 1860ರಲ್ಲಿ, ಗೌರಮ್ಮ ಮದುವೆಯಾದಳು. ಗಂಡ ಕರ್ನಲ್ ಜಾನ್ ಕ್ಯಾಂಪ್‌ಬೆಲ್, ಲೀನಾ ಲಾಗಿನ್ನಳ ಸಹೋದರ. ಮೊದಲ ಹೆಂಡತಿ ತೀರಿಹೋಗಿದ್ದಳು, ಮಕ್ಕಳಿದ್ದರು. ಹುಡುಗಿಗೆ ಹತ್ತೊಂಬತ್ತು, ಆತನಿಗೆ ಐವತ್ತರ ಆಸುಪಾಸು. ಕುಲ, ದೇಶ, ವಯಸ್ಸು ಒಂದೂ ಕೂಡದ ಈ ಮದುವೆಗೆ ಮತದ ಅಡ್ಡಿ ಮಾತ್ರ ಇರಲಿಲ್ಲ. ಎಂಟು ವರ್ಷಗಳ ಹಿಂದೆಯೇ ಅದನ್ನು ತೀರಿಸಿ ಆಗಿತ್ತು.

1861ರಲ್ಲಿ ಹೆಣ್ಣುಮಗು ಹುಟ್ಟಿತು. ಎಡಿತ್ ವಿಕ್ಟೋರಿಯಾ ಗೌರಮ್ಮ ಎಂದು ಹೆಸರಿಟ್ಟರು. ಇಷ್ಟೆಲ್ಲ ಆದ ಮೇಲೂ ಗೌರಮ್ಮ ಎಂಬ ಹೆಸರು ಉಳಿದು ಮಗಳಿಗೂ ಬಂತು ನೋಡಿ. ಸಂಸಾರ ಸುಖವಾಗಿ ಸಾಗಲಿಲ್ಲ. ಗಂಡನಿಗೆ ಜೂಜಿನ ಚಟವಿತ್ತು, ಅವನ ಕಣ್ಣು ಆಕೆಯ ಹಣ ಒಡವೆಗಳ ಮೇಲಿತ್ತು ಎಂದು ಆಕೆಯ ಬಗ್ಗೆ ಬರೆದವರು ಹೇಳುತ್ತಾರೆ. ಜೊತೆಗೆ ಕ್ಷಯರೋಗ. 1864ರ ಮಾರ್ಚ್ 30ರಂದು ಆಕೆ ತೀರಿಕೊಂಡಳು. ಆಗ ವಯಸ್ಸು ಇಪ್ಪತ್ತೆರಡು. ಮಗಳಿಗೆ ಮೂರು ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಸಮಾಧಿ ಇದೆ. ಹಾಲೇರಿ ಅರಸರ ಗದ್ದುಗೆಗಳು ಇರುವುದು ಮಡಿಕೇರಿಯಲ್ಲಿ. ಆಕೆ ಒಮ್ಮೆಯೂ ಆ ಮಣ್ಣನ್ನು ಮೆಟ್ಟಲಿಲ್ಲ.

ದುಲೀಪನ ಕಥೆಯನ್ನೂ ಮುಗಿಸಿಬಿಡುತ್ತೇನೆ. ಗೌರಮ್ಮ ತೀರಿದ ಕೆಲವೇ ತಿಂಗಳಿಗೆ, 1864ರ ಜೂನಿನಲ್ಲಿ, ಅವನು ಕೈರೋದ ಮಿಷನ್ ಶಾಲೆಯಲ್ಲಿ ಬೆಳೆದ ಬಾಂಬಾ ಮುಲ್ಲರ್ ಎಂಬ ಹುಡುಗಿಯನ್ನು ತಾನೇ ಆರಿಸಿಕೊಂಡು ಅಲೆಕ್ಸಾಂಡ್ರಿಯಾದಲ್ಲಿ ಮದುವೆಯಾದ. 1886ರಲ್ಲಿ, ಭಾರತಕ್ಕೆ ಹೊರಟವನನ್ನು ಇಂಗ್ಲಿಷರು ಏಡನ್ನಿನಲ್ಲಿ ತಡೆದಾಗ, ಅಲ್ಲೇ ಮತ್ತೆ ಸಿಖ್ ಮತಕ್ಕೆ ಸೇರಿದ. ಹದಿನಾಲ್ಕಕ್ಕೆ ಬಿಟ್ಟದ್ದನ್ನು ನಲವತ್ತೇಳಕ್ಕೆ ಹಿಂದಕ್ಕೆ ಪಡೆದ. ಅಷ್ಟು ಕಾಲ ಬದುಕಿದ್ದರಿಂದ ಅವನಿಗೆ ಯೋಚಿಸಲು ಸಮಯ ಸಿಕ್ಕಿತು. ಗೌರಮ್ಮನಿಗೆ ಸಿಗಲಿಲ್ಲ. ಸಿಕ್ಕಿದ್ದರೆ ಆಕೆ ಕ್ರೈಸ್ತಳಾಗಿಯೇ ಉಳಿಯುತ್ತಿದ್ದಳೋ, ಕಾಶಿಯಲ್ಲಿ ಬಿಟ್ಟುಬಂದ ಲಿಂಗಪೂಜೆಗೆ ಮರಳುತ್ತಿದ್ದಳೋ ಹೇಳಲಾಗದು. ಯಾವುದನ್ನು ಆರಿಸಿದ್ದರೂ ಅದು ಆಕೆಯದೇ ಆಗಿರುತ್ತಿತ್ತು.

ಇನ್ನೊಂದು ಬಗೆಯ ಮತಾಂತರ

ಇದನ್ನು ಓದಿ ಮತ ಬದಲಿಸುವುದೇ ತಪ್ಪು ಎಂದು ಯಾರೂ ತಿಳಿಯಬಾರದು. ಕನ್ನಡ ನಾಡಿನದೇ ಇನ್ನೊಂದು ಉದಾಹರಣೆ ಇದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯ ಆನಂದರಾವ್ ಕೌಂಡಿನ್ಯ 1844ರಲ್ಲಿ, ಓದುವ ವಯಸ್ಸಿನಲ್ಲಿ, ಬಾಸೆಲ್ ಮಿಷನ್ನಿನಲ್ಲಿ ಕ್ರೈಸ್ತನಾದ. ಯಾರೂ ಅವನನ್ನು ಮದುವೆಗಾಗಿ ಬದಲಾಯಿಸಲಿಲ್ಲ. ನಿಜ ಹೇಳಬೇಕೆಂದರೆ ಮತ ಬದಲಿಸಿದ್ದರಿಂದ ಅವನ ಸಂಸಾರವೇ ಮುರಿಯಿತು, ಕೈಹಿಡಿದ ಹೆಂಡತಿ ಜೊತೆಗೆ ಬರಲಿಲ್ಲ. ಅವನು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದ. ಗೌರಮ್ಮನ ಮದುವೆಯಾದ ಅದೇ 1860ರಲ್ಲಿ ಜರ್ಮನಿಯ ಮೇರಿ ರೈನ್‌ಹಾರ್ಟ್ ಎಂಬುವರನ್ನು ಮದುವೆಯಾದ. ಹೊಸದಾಗಿ ಕ್ರೈಸ್ತರಾದ ಬಡಜನರಿಗಾಗಿ ಕೊಡಗಿನಲ್ಲಿ ನೆಲೆ ಮಾಡಿಕೊಟ್ಟ ಆನಂದಪುರ ಇಂದಿಗೂ ಅವನ ಹೆಸರನ್ನೇ ಹೊತ್ತಿದೆ.

ಅವನು ಮಾಡಿದ್ದು ಸರಿಯೋ ತಪ್ಪೋ ಎಂದು ಮಂಗಳೂರಿನಲ್ಲಿ ಆ ಕಾಲಕ್ಕೆ ಬಹಳ ಜಗಳವಾಯಿತು. ಈಗ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ತೀರ್ಮಾನ ಅವನದು, ಅದರ ನಷ್ಟವನ್ನು ಹೊತ್ತವರಲ್ಲಿ ಅವನೂ ಒಬ್ಬ. ಗೌರಮ್ಮನ ವಿಷಯದಲ್ಲಿ ತೀರ್ಮಾನ ಅಪ್ಪನದು, ಕಂಪನಿಯದು, ರಾಣಿಯದು. ನಷ್ಟ ಮಾತ್ರ ಅವಳದು.

ನಮ್ಮ ಮನೆಯ ಮಕ್ಕಳಿಗೆ

ಈಗ ಕಾಗದದ ಮಾತು. 1872ರ ವಿಶೇಷ ವಿವಾಹ ಕಾಯಿದೆಯಲ್ಲಿ ಮದುವೆಯಾಗುವವರು ತಾವು ಹಿಂದೂ ಅಲ್ಲ, ಕ್ರೈಸ್ತ ಅಲ್ಲ, ಮುಸ್ಲಿಮ್ ಅಲ್ಲ ಎಂದೆಲ್ಲ ಬರೆದುಕೊಡಬೇಕಿತ್ತು. ಮತವನ್ನು ಕೈಬಿಟ್ಟರೇ ಮದುವೆ. 1954ರ ಕಾಯಿದೆಯಲ್ಲಿ ಆ ಮಾತಿಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿದ್ದ ಜಿಲ್ಲೆಯ ವಿವಾಹ ಅಧಿಕಾರಿಗೆ ನೋಟಿಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಅಂಟಿಸುತ್ತಾರೆ. 30 ದಿನದೊಳಗೆ ಕಾನೂನಿಗೆ ಒಪ್ಪುವ ಆಕ್ಷೇಪ ಬಾರದಿದ್ದರೆ ಮೂವರು ಸಾಕ್ಷಿಗಳ ಮುಂದೆ ಮದುವೆ. ಅವಳು ಅವಳ ಮತದಲ್ಲಿ, ಅವನು ಅವನ ಮತದಲ್ಲಿ ಇರಬಹುದು. ಆಸ್ತಿಯ ಹಕ್ಕಿಗೆ ಅನ್ವಯಿಸುವ ಕಾನೂನು ಮಾತ್ರ ಬದಲಾಗುತ್ತದೆ, ಆದ್ದರಿಂದ ಕೂಡುಕುಟುಂಬದ ಜಮೀನಿರುವವರು ಮೊದಲೇ ವಕೀಲರನ್ನು ಕೇಳುವುದು ಒಳ್ಳೆಯದು.

ಚರ್ಚಿನಲ್ಲೇ ಮದುವೆ ಆಗಬೇಕೆಂದರೂ ಕ್ರೈಸ್ತ ವಿವಾಹ ಕಾಯಿದೆಗೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೆ ಸಾಕು. ಉಳಿದದ್ದು ಆಯಾ ಸಭೆಯ ನಿಯಮ. ಕ್ಯಾಥೊಲಿಕ್ ಸಭೆಯಲ್ಲಿ ಬಿಷಪ್ಪರ ಕಡೆಯಿಂದ ಅನುಮತಿ ಪಡೆದು ಬೇರೆ ಮತದವರನ್ನು ಮದುವೆಯಾಗುವ ದಾರಿ ಇದೆ. ಹಿಂದೂ ವಿವಾಹ ಕಾಯಿದೆಯಲ್ಲಿ ಮಾತ್ರ ಇಬ್ಬರೂ ಹಿಂದೂಗಳಾಗಿರಬೇಕು. ನಮ್ಮ ಅಜ್ಜಿಯಂದಿರ ಹಟಕ್ಕೂ ಹೀಗೆ ಒಂದು ಕಾನೂನಿನ ತೊಡಕು ಇದೆ ಎಂಬುದು ಗೊತ್ತಿರಲಿ.

ಇಷ್ಟನ್ನೂ ಆ ದಂಪತಿಗಳಿಗೆ ಹೇಳಿ, ಆಮೇಲೆ ಫೋನಿನಲ್ಲಿ ಗೌರಮ್ಮನ ಕಥೆಯನ್ನೂ ಹೇಳಿದೆ. ಕೊನೆಗೆ ಒಂದೇ ಮಾತು ಕೇಳಿದೆ. ಹುಡುಗನ ಮನೆಯವರ ಅಪೇಕ್ಷೆ ಗೊತ್ತಾಯಿತು, ಅಜ್ಜಿಯ ಹಟ ಗೊತ್ತಾಯಿತು, ಮಗಳು ತಾನು ಏನನ್ನು ನಂಬುತ್ತಾಳೆ ಎಂದು ಯಾರಾದರೂ ಕೇಳಿದ್ದೀರಾ ಎಂದು. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವಳ ತಾಯಿ, ಇಲ್ಲ ಅಣ್ಣ, ಕೇಳಿಲ್ಲ ಎಂದರು. ಈ ಭಾನುವಾರ ಮಗಳು ಊರಿಗೆ ಬರುತ್ತಾಳಂತೆ. ಕೇಳುತ್ತಾರಂತೆ.

ಕ್ರೈಸ್ತಳಾಗಬೇಕು ಎಂದು ಅವಳಿಗೇ ಅನ್ನಿಸಿದ್ದರೆ ಆಗಲಿ, ಅದು ಮದುವೆಯ ತಾರೀಕಿಗೆ ಕಾಯುವ ವಿಷಯವಲ್ಲ. ಅನ್ನಿಸಿಲ್ಲದಿದ್ದರೆ ಮದುವೆಯ ತಾರೀಕು ಬಂತೆಂದು ಆಗಬೇಕಾಗಿಯೂ ಇಲ್ಲ. ಇದು ನನ್ನ ಸ್ವಂತ ಅಭಿಪ್ರಾಯ, ಸಂಘದ ನಿರ್ಣಯವಲ್ಲ. ಒಪ್ಪದವರು ಬರೆದು ಕಳಿಸಿದರೆ ಇದೇ ಪುಟದಲ್ಲಿ ಹಾಕುತ್ತೇವೆ.

ಮಾಸ್ತಿಯವರ ಚಿಕವೀರ ರಾಜೇಂದ್ರ ಕಾದಂಬರಿಯ ಒಂದು ಪ್ರತಿ ನಮ್ಮ ಸಂಘದ ಕಪಾಟಿನಲ್ಲಿದೆ. ಓದಬೇಕೆನ್ನುವವರು ಮುಂದಿನ ಕೂಟಕ್ಕೆ ಬಂದಾಗ ಪುಸ್ತಕದಲ್ಲಿ ಸಹಿ ಹಾಕಿ ತೆಗೆದುಕೊಂಡು ಹೋಗಬಹುದು. ಮಕ್ಕಳನ್ನೂ ಕರೆದುಕೊಂಡು ಬನ್ನಿ.

ಇಂತಿ,
ಕಾರ್ಯದರ್ಶಿ